ಮೊದಲು ಬಂಡೆ, ಆಮೇಲೆ ಮರಳು

ಹಾಸನ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ.

ನಿನ್ನ ಉದ್ದದ ಮೆಸೇಜು ಓದಿದೆ. ಅದಕ್ಕೆ ಮೊದಲೇ ಅಕ್ಕನ ಫೋನು ಬಂದಿತ್ತು. ಅವಳ ಪ್ರಕಾರ ನೀನು ಕಾಲೇಜಿಗೆ ಕೈಮುಗಿದು ಮೋಟಾರ್‌ಸೈಕಲ್ ಹತ್ತಿ ಮರಳುಗಾಡಿಗೆ ಹೊರಟಿದ್ದೀಯ. ನಿನ್ನ ಪ್ರಕಾರ ಐದನೇ ಸೆಮಿಸ್ಟರ್ ಸುಮ್ನೆ ದಂಡ, ಸಾಲ ಮಾಡಿ ಒಂದು ರ‍್ಯಾಲಿ ಬೈಕ್ ತಗೊಂಡರೆ ಮೂರು ವರ್ಷದಲ್ಲಿ ಡಾಕರ್, ಅದೇ ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ದೊಡ್ಡ ರ‍್ಯಾಲಿ. ಭಾವ ಮಾತ್ರ ಏನೂ ಹೇಳಿಲ್ಲವಂತೆ. ಭಾವ ಏನೂ ಹೇಳುತ್ತಿಲ್ಲ ಅಂದರೆ ಮನೆಯಲ್ಲಿ ವಾತಾವರಣ ಎಷ್ಟು ಬಿಸಿಯಾಗಿದೆ ಅಂತ ನನಗೆ ಗೊತ್ತು.

ಫೋನಿನಲ್ಲಿ ಹೇಳೋಣ ಅಂದರೆ ಅರ್ಧಕ್ಕೇ ‘ಆಯ್ತು ಮಾವ, ಆಯ್ತು ಮಾವ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ, ಅದು ಮೊದಲೇ ಗೊತ್ತಿರಲಿ. ಗಾಡಿ ರಿಪೇರಿ ಮಾಡಿಯೇ ಸಂಸಾರ ನಡೆಸಿದವನು ನಾನು. ಗಾಡಿ ಓಡಿಸಬೇಡ ಅಂತ ಯಾವ ಬಾಯಲ್ಲಿ ಹೇಳಲಿ?

ನೀನು ಕಳಿಸಿದ ಫೋಟೋ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಮರಳು ದಿಬ್ಬದ ಮೇಲೆ ಗಾಡಿ ಹಾರಿಸುತ್ತಿರುವ ಸ್ಪೇನಿನ ರೈಡರ್ ಲಾಯಾ ಸಾನ್ಸ್. ‘ನಾನು ಇವಳ ಥರ ಆಗಬೇಕು’ ಅಂತ ಕೆಳಗೆ ಬರೆದಿದ್ದೀಯ. ಸರಿ, ಆಗು. ಆದರೆ ಆ ಫೋಟೋದಲ್ಲಿರುವುದು ಅವಳ ಕಥೆಯ ಉತ್ತರಾರ್ಧ. ಪೂರ್ವಾರ್ಧದಲ್ಲಿ ಮರಳೇ ಇಲ್ಲ. ಬರೀ ಬಂಡೆ, ಹಳ್ಳ, ಮರದ ಬೇರು. ವೇಗವೂ ಇಲ್ಲ. ಎಷ್ಟೋ ಕಡೆ ಮನುಷ್ಯ ನಡೆಯುವಷ್ಟು ನಿಧಾನ.

ಲಾಯಾ ಹುಟ್ಟಿದ್ದು 1985ರ ಡಿಸೆಂಬರಿನಲ್ಲಿ, ಬಾರ್ಸಿಲೋನಾದ ಹತ್ತಿರ ಕೊರ್ಬೆರಾ ಅನ್ನುವ ಊರಲ್ಲಿ. ಚಿಕ್ಕಂದಿನಲ್ಲೇ ಪುಟ್ಟ ಮೋಟಾರ್‌ಸೈಕಲ್ ಹತ್ತಿದವಳು. ಆಗ ಹುಡುಗಿಯರಿಗೆ ಅಂತ ಬೇರೆ ಸ್ಪರ್ಧೆ ಇರಲಿಲ್ಲ, ಹುಡುಗರ ಜೊತೆಯೇ ಆಡಬೇಕಿತ್ತು. 1997ರಲ್ಲಿ ಹಾಗೆ ಹುಡುಗರ ಮಧ್ಯೆಯೇ ಬಾರ್ಸಿಲೋನಾ ಇರುವ ಕತಲೂನ್ಯ ಪ್ರಾಂತ್ಯದ ಕಿರಿಯರ ಪಟ್ಟ ಗೆದ್ದಳು. 2000ದಲ್ಲಿ ಹೆಂಗಸರಿಗೆ ಅಂತಲೇ ಟ್ರಯಲ್, ಅಂದರೆ ಕಾಲೂರದೆ ಗಾಡಿಯಲ್ಲಿ ಬಂಡೆ ಹತ್ತುವ ಆಟದ, ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ಮೊದಲನೇ ವರ್ಷವೇ ಅವಳದ್ದು. ಆಗ ಅವಳಿಗೆ 14. ಅಲ್ಲಿಂದ 2013ರವರೆಗೆ ಒಟ್ಟು 13 ಪಟ್ಟ. ಲೆಕ್ಕ ಹಾಕು, 14 ವರ್ಷದಲ್ಲಿ 13. ತಪ್ಪಿದ್ದು 2007 ಒಂದೇ. ಆ ವರ್ಷ ಜರ್ಮನಿಯ ಇರಿಸ್ ಕ್ರೇಮರ್ ಗೆದ್ದಳು.

ನನ್ನನ್ನು ಕೇಳಿದರೆ ಆ 13ಕ್ಕಿಂತ ಈ 2007ನ್ನೇ ನೀನು ಹೆಚ್ಚು ಹೊತ್ತು ನೋಡಬೇಕು. ಸಾಲಾಗಿ ಏಳು ಸಲ ಗೆದ್ದವಳು, 21 ವರ್ಷದವಳು, ಎಂಟನೇ ಸಲ ಸೋತಳು. ಆ ವಯಸ್ಸಿಗೆ ಹಾಗೆ ಸೋತರೆ ‘ಇನ್ನು ನನ್ನ ಕಾಲ ಮುಗಿಯಿತು’ ಅಂತ ಅನ್ನಿಸುವುದು ಸಹಜ. ಮರುವರ್ಷ ಮತ್ತೆ ಅದೇ ಬಂಡೆಗೆ ಬಂದಳು. ಆಮೇಲೆ ಇನ್ನೂ ಆರು ಪಟ್ಟ. ನಿನಗೆ ಒಂದು ಇಂಟರ್ನಲ್ಸ್‌ನಲ್ಲಿ ನಂಬರು ಕಮ್ಮಿ ಬಂತು ಅಂತ ಇಡೀ ಓದೇ ಬೇಡವಾಗಿದೆ ಅಲ್ವಾ? ಹೋಗಲಿ ಬಿಡು, ಇದಕ್ಕೆ ಆಮೇಲೆ ಬರುತ್ತೇನೆ.

ಟ್ರಯಲ್ ಅಂದರೆ ಏನು ಅಂತ ನಿನಗೆ ಗೊತ್ತಿದೆ ಅಂತ ನೀನು ತಿಳಿದುಕೊಂಡಿದ್ದೀಯ. ರೀಲ್ಸ್‌ನಲ್ಲಿ ನೋಡಿರುತ್ತೀಯ, ಒಬ್ಬ ಮನೆ ಎತ್ತರದ ಬಂಡೆಗೆ ಗಾಡಿ ಹಾರಿಸುತ್ತಾನೆ, ಹತ್ತು ಸೆಕೆಂಡು, ಮುಗಿಯಿತು. ಆ ಆಟದ ಲೆಕ್ಕ ಬೇರೆ ಇದೆ. ದಾರಪಟ್ಟಿ ಕಟ್ಟಿ ಒಂದು ಜಾಗ ಗುರುತು ಮಾಡಿರುತ್ತಾರೆ, ಅದಕ್ಕೆ ಸೆಕ್ಷನ್ ಅನ್ನುತ್ತಾರೆ. ಅದರೊಳಗೆ ಹೊಕ್ಕು ಹೊರಗೆ ಬರುವ ತನಕ ಕಾಲು ನೆಲಕ್ಕೆ ತಾಗಬಾರದು. ಒಂದು ಸಲ ಊರಿದರೆ ಒಂದು ಅಂಕ, ಎರಡು ಸಲ ಊರಿದರೆ ಎರಡು. ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಊರಿದರೆ ಮೂರು. ಬಿದ್ದರೆ, ಪಟ್ಟಿ ದಾಟಿದರೆ, ಕಾಲು ಊರಿರುವಾಗ ಇಂಜಿನ್ ಆಫ್ ಆದರೆ ಐದು. ಕಾಲೇ ಊರದೆ ಬಂದರೆ ಸೊನ್ನೆ. ಕೊನೆಗೆ ಯಾರದ್ದು ಕಮ್ಮಿಯೋ ಅವರು ಗೆದ್ದರು. ಪ್ರತಿ ಸೆಕ್ಷನ್ನಿನ ಪಕ್ಕದಲ್ಲೂ ಒಬ್ಬ ಅಬ್ಸರ್ವರ್ ನಿಂತಿರುತ್ತಾನೆ, ಅವನ ಕಣ್ಣು ನಿನ್ನ ಮುಖದ ಮೇಲಲ್ಲ, ನಿನ್ನ ಬೂಟಿನ ಮೇಲೆ.

ಗಾಡಿಯ ಬಗ್ಗೆಯೂ ಹೇಳಿಬಿಡುತ್ತೇನೆ, ನನ್ನ ಕಸುಬಿನ ಚಪಲ. ಟ್ರಯಲ್ ಗಾಡಿಗೆ ಸೀಟೇ ಇಲ್ಲ. ಇಡೀ ದಿನ ಫುಟ್‌ರೆಸ್ಟ್ ಮೇಲೆ ನಿಂತೇ ಇರಬೇಕು. ತೂಕ ಸುಮಾರು 70 ಕೆ.ಜಿ. ನಮ್ಮ ಗ್ಯಾರೇಜಿಗೆ ಬರುವ ಬುಲೆಟ್ಟು ಅದರ ಎರಡೂವರೆ ಪಟ್ಟು ಭಾರ. ಪೆಟ್ರೋಲ್ ಟ್ಯಾಂಕ್ ಎರಡು ಮೂರು ಲೀಟರ್ ಅಷ್ಟೇ. ಫ್ಲೈವೀಲ್, ಅಂದರೆ ಇಂಜಿನ್ ಜೊತೆ ತಿರುಗುವ ಚಕ್ರ, ಭಾರ, ಇಂಜಿನ್ ಸತ್ತೇಹೋಯಿತು ಅನ್ನುವಷ್ಟು ಕಮ್ಮಿ ಆರ್‌ಪಿಎಂನಲ್ಲೂ ಗಾಡಿ ಗುಟುಗುಟು ಅಂತ ಎಳೆಯುತ್ತಿರುತ್ತದೆ. ಹಿಂದಿನ ಟಯರಿಗೆ ನಾಲ್ಕೈದು ಪಿಎಸ್‌ಐ ಗಾಳಿ. ರಸ್ತೆ ಮೇಲೆ ಆ ಗಾಳಿ ಇಟ್ಟುಕೊಂಡು ಬಂದರೆ ನಾನೇ ಪಂಕ್ಚರ್ ಅಂತ ಚಕ್ರ ಬಿಚ್ಚುತ್ತೇನೆ. ಅಲ್ಲಿ ಅದು ಬೇಕು. ಟಯರು ಚಪ್ಪಟೆಯಾಗಿ ಕಲ್ಲನ್ನು ತಬ್ಬಿಕೊಂಡರೇ ಹಿಡಿತ.

ಈಗ ಒಂದು ಬಂಡೆ ಹತ್ತುವುದನ್ನು ಬಿಡಿಸಿ ಹೇಳುತ್ತೇನೆ. ಎದೆ ಎತ್ತರದ ಬಂಡೆ ಇದೆ ಅಂತ ಇಟ್ಟುಕೋ. ಅದಕ್ಕೆ ಮೊದಲು ಒದ್ದೆ ಕಲ್ಲಿನ ಹಳ್ಳ, ಓಡಿಬರಲು ಜಾಗ ಇಲ್ಲ, ಒಂದು ಗಾಡಿಯುದ್ದ ಸಿಕ್ಕರೆ ಪುಣ್ಯ. ಅವಳು ಆ ಹಳ್ಳದಲ್ಲಿ ನಿಲ್ಲುತ್ತಾಳೆ. ಕಾಲು ಊರದೆ ನಿಲ್ಲುತ್ತಾಳೆ, ನೆನಪಿಡು. ಮುಂದಿನ ಬ್ರೇಕಿನ ಮೇಲೆ ಒಂದು ಬೆರಳು, ಕ್ಲಚ್ಚಿನ ಮೇಲೆ ಒಂದು ಬೆರಳು. ಮೊಣಕಾಲು ಸ್ವಲ್ಪ ಬಗ್ಗಿಸಿ ಮುಂದಿನ ಸಸ್ಪೆನ್ಷನ್ ಒತ್ತುತ್ತಾಳೆ, ಅದು ಮೇಲೆ ಪುಟಿಯುವ ಹೊತ್ತಿಗೆ ಸರಿಯಾಗಿ ಕ್ಲಚ್ ಬಿಡುತ್ತಾಳೆ. ಹಾಲು ಉಕ್ಕಿಬರುವಾಗ ಅಕ್ಕ ಒಲೆ ಸಣ್ಣ ಮಾಡುತ್ತಾಳಲ್ಲ, ಅಷ್ಟೇ ಹೊತ್ತು ಇರುವುದು. ಒಂಚೂರು ಮೊದಲಾದರೆ ಹಿಂದಿನ ಚಕ್ರ ಗಿರ್ ಅಂತ ತಿರುಗಿ ಕಲ್ಲನ್ನು ಪಾಲಿಶ್ ಮಾಡುತ್ತದೆ. ಒಂಚೂರು ತಡವಾದರೆ ಮುಂದಿನ ಚಕ್ರ ಬಂಡೆಗೆ ಗುದ್ದಿ ಗಾಡಿ ಮೈಮೇಲೆ ಬರುತ್ತದೆ. ಸರಿಯಾಗಿ ಬಿದ್ದರೆ ಮುಂದಿನ ಚಕ್ರ ಬಂಡೆಯ ಅಂಚು ಮುಟ್ಟುತ್ತದೆ, ಹಿಂದಿನದು ಕಚ್ಚುತ್ತದೆ, ಅವಳು ಮೈ ಮುಂದಕ್ಕೆ ಎಸೆದು ಮೇಲೆ ಬಂದಿರುತ್ತಾಳೆ. ಮೇಲೆ ಬಂದ ಕೂಡಲೇ ಮತ್ತೆ ನಿಲ್ಲಬೇಕು. ಯಾಕೆಂದರೆ ಮುಂದಿನ ತಿರುವು ಎಡಕ್ಕೆ, ಎರಡಡಿ ಜಾಗದಲ್ಲಿ.

ನಿನ್ನ ರೀಲ್ಸ್‌ನಲ್ಲಿ ಬಂಡೆ ಹಾರುವುದು ಕಾಣಿಸುತ್ತದೆ. ಈ ನಿಲ್ಲುವುದು ಕಾಣಿಸುವುದಿಲ್ಲ. ಅದಕ್ಕಿಂತ ಮುಂಚೆ ನಡೆಯುವುದಂತೂ ಯಾರೂ ಹಾಕುವುದೇ ಇಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಡೀ ಸೆಕ್ಷನ್ ಕಾಲ್ನಡಿಗೆಯಲ್ಲಿ ನೋಡುತ್ತಾರೆ. ಬೂಟಿನಲ್ಲಿ ಕಲ್ಲು ಅಲ್ಲಾಡಿಸುತ್ತಾರೆ. ಹಿಂದಿನವರು ಹೋದ ಮೇಲೆ ಕೆಸರು ಎಲ್ಲಿ ಜಾಸ್ತಿಯಾಗಿದೆ, ಬೇರಿನ ಸಿಪ್ಪೆ ಎಲ್ಲಿ ಸುಲಿದಿದೆ ಅಂತ ನೋಡುತ್ತಾರೆ. ಮತ್ತೆ ಹಿಂದಕ್ಕೆ ಬಂದು ಇನ್ನೊಂದು ಕಡೆಯಿಂದ ನೋಡುತ್ತಾರೆ. ಓಡಿಸುವುದು ನಿಮಿಷದ ಕೆಲಸ, ನೋಡುವುದಕ್ಕೇ ಹೆಚ್ಚು ಹೊತ್ತು. ಲಾಯಾ ಬಾಲ್ಯದಿಂದ ಮೂವತ್ತರ ಹತ್ತಿರದವರೆಗೆ ಮಾಡಿದ್ದು ಇದನ್ನೇ.

ಈಗ ಮರಳಿಗೆ ಬಾ. ಅವಳು ಮೊದಲ ಸಲ ಡಾಕರ್‌ಗೆ ಹೋಗಿದ್ದು 2011ರಲ್ಲಿ, ದಕ್ಷಿಣ ಅಮೆರಿಕಾದಲ್ಲಿ. ಅಷ್ಟು ಹೊತ್ತಿಗೆ ಟ್ರಯಲ್‌ನಲ್ಲಿ ಅವಳು ಹತ್ತು ಸಲದ ವಿಶ್ವ ಚಾಂಪಿಯನ್. ಆದರೂ ಬಂದ ಸ್ಥಾನ 39. ಮರುವರ್ಷವೂ 39. 2013ರಲ್ಲಿ ಗಾಡಿ ಕೈಕೊಟ್ಟು ಗಂಟೆಗಟ್ಟಲೆ ಹಿಂದೆ ಬಿದ್ದಳು, ಸ್ಥಾನ 93. ಗೆದ್ದು ಗೆದ್ದೇ ಅಭ್ಯಾಸವಾದ ಯಾರೇ ಆಗಲಿ, ತೊಂಬತ್ತರ ಆಚೆ ಬಿದ್ದಾಗ ಗಾಡಿ ಪಕ್ಕಕ್ಕೆ ಹಾಕಿ ವಿಮಾನ ಹತ್ತುವುದೇ ಸುಲಭ. ಇವಳು ಮುಗಿಸಿಯೇ ಬಂದಳು. ಅದೇ ವರ್ಷ ಟ್ರಯಲ್‌ನಲ್ಲಿ ಹದಿಮೂರನೇ ಪಟ್ಟವನ್ನೂ ಗೆದ್ದಳು. 2014ಕ್ಕೆ 16ನೇ ಸ್ಥಾನ. 2015ಕ್ಕೆ 9. ಡಾಕರ್ ಬೈಕ್ ವಿಭಾಗದಲ್ಲಿ ಅಷ್ಟು ಮೇಲೆ ಬಂದ ಹೆಣ್ಣುಮಗಳು ಇನ್ನೊಬ್ಬಳಿಲ್ಲ. 2011ರಿಂದ 2021ರವರೆಗೆ ಬೈಕಿನಲ್ಲಿ ಹನ್ನೊಂದು ಸಲ ಹೊರಟಳು, ಹನ್ನೊಂದು ಸಲವೂ ಮುಟ್ಟಿದಳು.

ನನಗೆ ಆ ಒಂಬತ್ತಕ್ಕಿಂತ ಈ ಹನ್ನೊಂದಕ್ಕೆ ಹನ್ನೊಂದೇ ದೊಡ್ಡದು. ಡಾಕರ್‌ನಲ್ಲಿ ಹೊರಟವರಲ್ಲಿ ಎಷ್ಟೋ ಜನ ಮುಟ್ಟುವುದೇ ಇಲ್ಲ. ಗಾಡಿ ಹೋಗುತ್ತದೆ, ಇಲ್ಲವೇ ಮೂಳೆ ಹೋಗುತ್ತದೆ. 2015ರಲ್ಲಿ ಬೊಲಿವಿಯಾದ ಉಯುನಿ ಉಪ್ಪಿನ ಬಯಲಲ್ಲಿ ಮಳೆ ನೀರು ನಿಂತಿತ್ತು. ಉಪ್ಪುನೀರು ಎರಚಿ ರೇಡಿಯೇಟರಿಗೆ ಉಪ್ಪು ಕಟ್ಟಿಕೊಂಡಿತು, ವೈರಿಂಗಿಗೆ ಇಳಿಯಿತು. ಮುಂದಿದ್ದ ಹೋಂಡಾದ ಜೋನ್ ಬರೆಡಾನ ಗಾಡಿಯೂ ಅಲ್ಲೇ ಸತ್ತಿತು. ವೈರಿಂಗಿಗೆ ಬರೀ ಮಳೆನೀರು ಹೋದರೇ ನಮ್ಮ ಗ್ಯಾರೇಜಿನಲ್ಲಿ ಅರ್ಧ ದಿನದ ಕೆಲಸ, ಇನ್ನು ಉಪ್ಪುನೀರು ಅಂದರೆ ಕೇಳಬೇಡ. ಅಂಥ ರ‍್ಯಾಲಿಯಲ್ಲಿ ಅವಳು ಒಂಬತ್ತನೆಯವಳಾಗಿ ಬಂದಳು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅದೇ ರ‍್ಯಾಲಿಯಲ್ಲಿ ಮೊದಲ ಸಲ ಓಡಿಸಿ 36ನೆಯವನಾಗಿ ಮುಟ್ಟಿದ. ಡಾಕರ್ ಮುಗಿಸಿದ ಮೊದಲ ಭಾರತೀಯ ಅವನೇ. ಒಂದೇ ಉಪ್ಪು ಇಬ್ಬರ ಗಾಡಿಗೂ ಮೆತ್ತಿಕೊಂಡಿತ್ತು ಅಂತ ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಬಂಡೆ ಕಲಿಸಿದ್ದೇ ಅವಳಿಗೆ ಮರಳಲ್ಲಿ ಕೆಲಸಕ್ಕೆ ಬಂತು ಅಂತ ನನ್ನ ನಂಬಿಕೆ. ಸುಸ್ತಾಗಿ ಕಣ್ಣು ಕತ್ತಲೆ ಬರುವಾಗ, ಒಣಗಿದ ನದಿಯ ಕಲ್ಲಿನ ಮೇಲೆ ನೂರಾರು ಕಿಲೋಮೀಟರ್ ಓಡಿಸುವಾಗ, ಗಾಡಿ ಜಾರಿದ ಕೂಡಲೇ ಯೋಚನೆ ಮಾಡದೆ ಮೈ ಸರಿ ಕಡೆಗೆ ವಾಲಬೇಕು. ರ‍್ಯಾಲಿ ಗಾಡಿ ಟ್ರಯಲ್ ಗಾಡಿಯ ಎರಡು ಪಟ್ಟು ಭಾರ, ಮೇಲೆ ಮೂವತ್ತು ಲೀಟರಿನಷ್ಟು ಪೆಟ್ರೋಲು. ಅದನ್ನು ಬೀಳದ ಹಾಗೆ ಹಿಡಿಯುವುದು ತೋಳಿನ ಬಲದಿಂದ ಆಗುವುದಿಲ್ಲ. ಮಧ್ಯದಲ್ಲಿ ಅವಳು ಇನ್ನೊಂದು ಮೆಟ್ಟಿಲನ್ನೂ ಹತ್ತಿದ್ದಾಳೆ, ಎಂಡ್ಯೂರೋ, ಅಂದರೆ ಕಾಡು ಗುಡ್ಡದ ದಾರಿಯಲ್ಲಿ ದೂರ ಓಡಿಸುವ ಸ್ಪರ್ಧೆ. ಅದರಲ್ಲೂ ಹಲವು ಸಲ ವಿಶ್ವ ಚಾಂಪಿಯನ್. ನೀನು ಎರಡೂ ಮೆಟ್ಟಿಲು ಬಿಟ್ಟು ನೇರ ಮಹಡಿಗೆ ಹಾರುತ್ತೇನೆ ಅನ್ನುತ್ತಿದ್ದೀಯ, ಅದೂ ಸಾಲದ ದುಡ್ಡಲ್ಲಿ.

ಸಾಲದ ಮಾತು ಬಂದಾಗ ಹೇಳುತ್ತೇನೆ. ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಒಬ್ಬ ಹುಡುಗ ಹೀಗೇ ಸಾಲ ಮಾಡಿ ವಿದೇಶಿ ಡರ್ಟ್ ಬೈಕ್ ತಂದ. ಎರಡನೇ ಸ್ಪರ್ಧೆಯಲ್ಲಿ ಬಿದ್ದು ಭುಜದ ಮೂಳೆ ಮುರಿಯಿತು. ಸ್ಪಾನ್ಸರ್ ಮಾಡುತ್ತೇವೆ ಅಂದವರು ಆಮೇಲೆ ಫೋನೇ ಎತ್ತಲಿಲ್ಲ. ಗಾಡಿ ವರ್ಷವಿಡೀ ನನ್ನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು, ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇತ್ತು. ಅವನಿಗೆ ಧೈರ್ಯ ಕಮ್ಮಿ ಇರಲಿಲ್ಲ, ನಿನ್ನಷ್ಟೇ ಇತ್ತು. ಗಾಡಿ ಅವನಿಗಿಂತ ಮುಂದೆ ಹೋಗಿಬಿಟ್ಟಿತ್ತು, ಅಷ್ಟೇ.

ಹಾಗಾದರೆ ಟ್ರಯಲ್ ಗಾಡಿ ಕೊಡಿಸು ಮಾವ ಅನ್ನುತ್ತೀಯ. ನಿನ್ನ ಬುದ್ಧಿ ಗೊತ್ತಿಲ್ವಾ ನನಗೆ? ಅದೂ ಈಗ ಬೇಡ. ಹೊರದೇಶದಿಂದ ತರಿಸಬೇಕು, ಮೇಲೆ ಆಮದು ಸುಂಕ, ಇಲ್ಲಿ ರಸ್ತೆಗೂ ಇಳಿಸುವ ಹಾಗಿಲ್ಲ. ಅದಕ್ಕಿಂತ ಅಗ್ಗದ ದಾರಿಯಿದೆ, ಅದನ್ನು ತೋರಿಸಿಕೊಟ್ಟವರೂ ಚಾಂಪಿಯನ್ನರೇ.

ಜೋರ್ಡಿ ತಾರೆಸ್ ಅಂತ ಒಬ್ಬ. 1987ರಿಂದ 1995ರ ಒಳಗೆ ಏಳು ಸಲ ಟ್ರಯಲ್ ವಿಶ್ವ ಚಾಂಪಿಯನ್. ಅವನು ಮೋಟಾರ್‌ಸೈಕಲ್ಲಿಗೆ ಬರುವ ಮುಂಚೆ ಕಲಿತದ್ದು ಸೈಕಲ್ಲಿನಲ್ಲಿ. ಪೆಡಲ್ ತುಳಿಯುವ ಸೈಕಲ್ಲು, ಬಂಡೆ ಮೇಲೆ ಕುಪ್ಪಳಿಸುವುದು. ಟೋನಿ ಬೌ ಅಂತ ಇನ್ನೊಬ್ಬ, 1986ರಲ್ಲಿ ಹುಟ್ಟಿದವನು, ಅವನೂ ಸೈಕಲ್ ಟ್ರಯಲ್‌ನಿಂದಲೇ ಬಂದವನು. 2007ರಿಂದ 2024ರವರೆಗೆ ಬಯಲಲ್ಲೂ ಒಳಾಂಗಣದಲ್ಲೂ ಗಂಡಸರ ಪಟ್ಟವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. 2024ರ ಕೊನೆಗೆ ಎರಡೂ ಸೇರಿ 36 ಆಗಿತ್ತು. ಸೈಕಲ್ಲಿನಲ್ಲಿ ತಪ್ಪು ಮಾಡಿದರೆ ಇಂಜಿನ್ ಬಂದು ಕಾಪಾಡುವುದಿಲ್ಲ. ಥ್ರಾಟಲ್ ತಿರುಗಿಸಿ ಬಚಾವಾಗಲು ಆಗುವುದಿಲ್ಲ. ಮೈಯೇ ಕಲಿಯಬೇಕು. ಅದಕ್ಕೇ ಹೇಳುವುದು, ಸೈಕಲ್ಲಿನಿಂದ ಶುರು ಮಾಡು ಅಂತ. ಬಿದ್ದರೆ ಮೊಣಕೈ ತರಚುತ್ತದೆ, ಕಂತು ಕಟ್ಟಬೇಕಾಗಿಲ್ಲ.

ಇಷ್ಟೊಂದು ಚಾಂಪಿಯನ್ನರು ಒಂದೇ ಸೀಮೆಯಿಂದ ಹೇಗೆ ಬಂದರು ಅಂತ ನಿನಗೆ ಅನ್ನಿಸಿಲ್ವಾ? ಲಾಯಾ, ಬೌ, ತಾರೆಸ್ ಮೂವರೂ ಬಾರ್ಸಿಲೋನಾದ ಸುತ್ತಮುತ್ತಲಿನವರೇ. ಈ ಆಟ ಹುಟ್ಟಿದ್ದು ಮಾತ್ರ ಅಲ್ಲಲ್ಲ, ಬ್ರಿಟನ್ನಿನ ಕೆಸರಲ್ಲಿ. ಸ್ಕಾಟ್ಲೆಂಡಿನಲ್ಲಿ ಆರು ದಿನದ ಟ್ರಯಲ್ ಅಂತ ನೂರು ವರ್ಷ ದಾಟಿದ ಸ್ಪರ್ಧೆ ಈಗಲೂ ನಡೆಯುತ್ತದೆ. 1964ರ ಕೊನೆಗೆ ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ ಅನ್ನುವ ದೊಡ್ಡ ಚಾಂಪಿಯನ್ ತನ್ನ ಭಾರದ ಬ್ರಿಟಿಷ್ ಏರಿಯಲ್ ಗಾಡಿ ಬಿಟ್ಟು ಬಾರ್ಸಿಲೋನಾದ ಬುಲ್ಟಾಕೊ ಕಂಪನಿ ಸೇರಿದ. ಅವನೂ ಅಲ್ಲಿಯ ಇಂಜಿನಿಯರುಗಳೂ ಸೇರಿ ಹಗುರದ ಟೂ ಸ್ಟ್ರೋಕ್ ಟ್ರಯಲ್ ಗಾಡಿ ಮಾಡಿದರು, ಷೆರ್ಪಾ ಅಂತ ಹೆಸರು. 1965ರಲ್ಲಿ ಅದರಲ್ಲೇ ಸ್ಕಾಟ್ಲೆಂಡಿನ ಸ್ಪರ್ಧೆ ಗೆದ್ದ. ಆಮೇಲೆ ಬುಲ್ಟಾಕೊ, ಮೊಂಟೆಸಾ, ಒಸ್ಸಾ, ಮೂರೂ ಬಾರ್ಸಿಲೋನಾದ ಕಂಪನಿಗಳೇ, ಪೈಪೋಟಿಗೆ ಬಿದ್ದು ಟ್ರಯಲ್ ಗಾಡಿ ಮಾಡಿದವು. ಊರೂರಲ್ಲಿ ಕ್ಲಬ್ಬು, ಭಾನುವಾರ ಸ್ಪರ್ಧೆ, ಅಪ್ಪ ಅಬ್ಸರ್ವರ್, ಅಣ್ಣ ಮೆಕ್ಯಾನಿಕ್. ಅಂಥ ಕಡೆ ಬೆಳೆದ ಹುಡುಗಿ ಅವಳು. ನಿನ್ನ ಹಾಸ್ಟೆಲಿನಲ್ಲಿ ನಿನ್ನ ಹುಚ್ಚು ಅರ್ಥವಾಗುವವರು ಎಷ್ಟು ಜನ? ಒಬ್ಬಳೇ ಕಲಿಯುತ್ತೇನೆ ಅನ್ನುವುದು ಈ ಆಟದಲ್ಲಿ ನಡೆಯುವುದಿಲ್ಲ. ದೊಡ್ಡ ಸ್ಪರ್ಧೆಗಳಲ್ಲೂ ರೈಡರ್ ಒಬ್ಬನೇ ಇರುವುದಿಲ್ಲ ನೋಡು, ಎತ್ತರದ ಬಂಡೆ ಇದ್ದ ಕಡೆ ಪಕ್ಕದಲ್ಲಿ ಒಬ್ಬ ಸಹಾಯಕ ಕೈಚಾಚಿಕೊಂಡು ನಿಂತಿರುತ್ತಾನೆ, ಗಾಡಿ ಹಿಂದಕ್ಕೆ ಬಿದ್ದರೆ ಹಿಡಿಯಲು. ನಿನಗೂ ಅಂಥವರು ಬೇಕು.

ಸಂತೋಷ್ ಕೋಲಾರದ ಕಡೆ ಒಂದು ಡರ್ಟ್ ಪಾರ್ಕ್ ಮಾಡಿ ಆಫ್‌ರೋಡ್ ಓಡಿಸುವುದನ್ನು ಕಲಿಸುವ ಕೆಲಸ ಶುರು ಮಾಡಿದವನು. ಅಂಥ ಕಡೆ ಮೊದಲು ಹೋಗಿ ನೋಡು. ಗಾಡಿ ಅವರದ್ದೇ ಇರಲಿ, ಬೀಳುವುದು ನಿನ್ನದಿರಲಿ. ಇನ್ನೊಂದು ಮಾತು, ‘ರಾಮನಗರದಲ್ಲಿ ಬೇಕಾದಷ್ಟು ಬಂಡೆ ಇದೆ ಮಾವ’ ಅಂತ ಬರೆದಿದ್ದೀಯ. ಇದೆ. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳೂ ಇವೆ, ಅದು ಅವುಗಳಿಗಾಗಿಯೇ ಕಾಯ್ದಿಟ್ಟ ಜಾಗ. ಹಂಪಿಯ ಕಲ್ಲು, ಅರಣ್ಯ ಇಲಾಖೆಯ ಬೆಟ್ಟ, ಊರವರ ಗುಡ್ಡ, ಯಾವುದಕ್ಕೂ ಕೇಳದೆ ಗಾಡಿ ಹತ್ತಿಸಬೇಡ. ಸೈಕಲ್ಲೂ ಅಷ್ಟೇ. ಕಲ್ಲು ಬೇಕಾದರೆ ನಮ್ಮ ತೋಟದ ಹಿಂದಿನ ಹಳೇ ಕ್ವಾರಿ ಇದೆಯಲ್ಲ, ಜಮೀನಿನವರು ನನಗೆ ಬೇಕಾದವರು, ಕೇಳಿದರೆ ಬೇಡ ಅನ್ನುವುದಿಲ್ಲ.

ಇನ್ನು ಅಕ್ಕನ ಭಯ. ಅದನ್ನು ನಗಾಡಿ ತಳ್ಳಿಹಾಕಬೇಡ. ಅವಳು ಪೇಪರು ಓದುತ್ತಾಳೆ. 2021ರ ಜನವರಿಯಲ್ಲಿ ಸೌದಿಯ ಡಾಕರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿದ್ದು, ಡಾಕ್ಟರುಗಳು ಪ್ರಜ್ಞೆ ತಪ್ಪಿಸಿಯೇ ಇಟ್ಟಿದ್ದು ಅವಳಿಗೆ ನೆನಪಿದೆ. ಎದ್ದು ಬಂದ, ದೇವರು ದೊಡ್ಡವನು. ನಮ್ಮ ಬೆಂಗಳೂರಿನವಳೇ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾದಲ್ಲಿ, ಅಂದರೆ ಡಾಕರ್‌ಗಿಂತ ಚಿಕ್ಕ ಆಫ್‌ರೋಡ್ ರ‍್ಯಾಲಿಯಲ್ಲಿ, ಬಿದ್ದು ಜೋರು ಪೆಟ್ಟು ಮಾಡಿಕೊಂಡಳು. 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದಳು. ನೀನು ಎರಡನೇ ವಾಕ್ಯ ಮಾತ್ರ ಓದುತ್ತೀಯ, ಅಕ್ಕ ಮೊದಲನೇ ವಾಕ್ಯ ಮಾತ್ರ ಓದುತ್ತಾಳೆ. ಟ್ರಯಲ್‌ನಲ್ಲಿ ವೇಗ ಕಮ್ಮಿ, ಹಾಗಂತ ಪೆಟ್ಟು ಇಲ್ಲದ ಆಟ ಅಲ್ಲ. ಮಣಿಕಟ್ಟು, ಮೊಣಕಾಲು, ಬೆನ್ನು, ಮೂರಕ್ಕೂ ಆಗುತ್ತದೆ. ಲಾಯಾಗೆ 2020ರಲ್ಲಿ ಬಿದ್ದ ಪೆಟ್ಟಿನಿಂದಲ್ಲ, ಉಣ್ಣಿ ಹುಳ ಕಚ್ಚಿ ಬರುವ ಲೈಮ್ ಅನ್ನುವ ಕಾಯಿಲೆಯಿಂದ ಮೈಯಲ್ಲಿ ತ್ರಾಣವೇ ಇಲ್ಲದಂತಾಗಿತ್ತು. ಸರಿಯಾಗಿ ತಯಾರಿ ಕೂಡ ಆಗದೆ 2021ರ ಡಾಕರ್‌ಗೆ ಹೋಗಿ 17ನೆಯವಳಾಗಿ ಮುಗಿಸಿದಳು. ಇದನ್ನು ಹೇಳಿ ನಿನ್ನನ್ನು ಹುರಿದುಂಬಿಸುತ್ತಿದ್ದೇನೆ ಅಂದುಕೊಳ್ಳಬೇಡ. ಅವಳ ಮೈಯಲ್ಲಿ ಮೂವತ್ತು ವರ್ಷದ ಅಭ್ಯಾಸ ಇತ್ತು. ನಿನಗೆ ನೆಗಡಿ ಬಂದರೂ ಬೈಕು ಮುಟ್ಟಬೇಡ.

ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡು, ಇವಕ್ಕೆ ದುಡ್ಡು ನಾನು ಕೊಡುತ್ತೇನೆ. ಗಾಡಿಗೆ ಕೊಡುವುದಿಲ್ಲ. ಬೂಟು ಒಳ್ಳೆಯದೇ ತಗೋ, ಹಿಮ್ಮಡಿ ಹತ್ತಿರ ಹೊಲಿಗೆ ನೋಡು.

ಕಾಲೇಜಿನ ವಿಚಾರ. ನೀನು ಓದುತ್ತಿರುವುದು ಮೆಕ್ಯಾನಿಕಲ್. ಸಸ್ಪೆನ್ಷನ್ ಅಂದರೇನು, ಟಾರ್ಕ್ ಅಂದರೇನು ಅಂತ ನಾನು ಕೈ ಸುಟ್ಟುಕೊಂಡು ಕಲಿತದ್ದನ್ನು ನಿನಗೆ ಕುರ್ಚಿ ಹಾಕಿ ಕೂರಿಸಿ ಹೇಳಿಕೊಡುತ್ತಿದ್ದಾರೆ. ಅದನ್ನು ದಂಡ ಅನ್ನುತ್ತೀಯಲ್ಲ! ರೈಡರಿನ ಆಯಸ್ಸು ಚಿಕ್ಕದು. ಜಪಾನಿನ ಫುಜಿನಾಮಿ ಅಂತ ಒಬ್ಬ ಇದ್ದ. ಇಂಗ್ಲೆಂಡಿನ ಡೂಗಿ ಲ್ಯಾಂಪ್ಕಿನ್ ಏಳು ವರ್ಷ ಸಾಲಾಗಿ ಚಾಂಪಿಯನ್ ಆಗಿದ್ದ ಕಾಲದಲ್ಲಿ, 1999ರಿಂದ 2003ರವರೆಗೆ ಐದು ವರ್ಷವೂ ಫುಜಿನಾಮಿ ಎರಡನೆಯವನು. 2004ರಲ್ಲಿ ಕೊನೆಗೂ ಗೆದ್ದ, ಒಂದೇ ಒಂದು ಸಲ. 2021ರ ತನಕ ಓಡಿಸಿದ, ಆಮೇಲೆ ಬೌ ಓಡಿಸುವ ತಂಡಕ್ಕೇ ಮ್ಯಾನೇಜರ್ ಆದ. ಗಾಡಿ ಬಲ್ಲವನಿಗೆ ಗಾಡಿಯಿಂದ ಇಳಿದ ಮೇಲೂ ಕೆಲಸ ಇರುತ್ತದೆ. ಲಾಯಾ ಕೂಡ ಅಷ್ಟೇ. 2013ರಲ್ಲಿ ಇನ್ನೂ ಚಾಂಪಿಯನ್ ಆಗಿರುವಾಗಲೇ ಟ್ರಯಲ್ ಬಿಟ್ಟು ರ‍್ಯಾಲಿಯ ಕಡೆ ಹೊರಳಿದಳು, 2014ರಲ್ಲಿ ಇಂಗ್ಲೆಂಡಿನ ಎಮ್ಮಾ ಬ್ರಿಸ್ಟೊ ಆ ಜಾಗಕ್ಕೆ ಬಂದಳು. 2022ರಿಂದ ಡಾಕರ್‌ನಲ್ಲಿ ಬೈಕ್ ಬಿಟ್ಟು ಕಾರು. ಒಂದನ್ನು ಪೂರ್ತಿ ಕಲಿತ ಮೇಲೇ ಇನ್ನೊಂದಕ್ಕೆ ಹೋದವಳು ಅವಳು. ನೀನು ಬಿಡಲು ಹೊರಟಿರುವುದು ಅರ್ಧ ಓದಿರುವ ಡಿಗ್ರಿಯನ್ನು.

ಅಕ್ಕನ ಹತ್ತಿರ ನಾನು ಮಾತಾಡುತ್ತೇನೆ. ಆದರೆ ನೀನು ಎದುರಿಗಿರಬೇಕು, ನನ್ನನ್ನು ಮುಂದೆ ಬಿಟ್ಟು ಅಡುಗೆಮನೆಯಲ್ಲಿ ಕೂರುವ ಹಾಗಿಲ್ಲ. ನಾನು ಹೇಳುವುದಿಷ್ಟೇ: ಡಿಗ್ರಿ ಮುಗಿಯುವ ತನಕ ಸಾಲ ಇಲ್ಲ, ಗಾಡಿ ಇಲ್ಲ, ರಜೆಯಲ್ಲಿ ಸೈಕಲ್ಲು ಮತ್ತು ಕ್ವಾರಿ. ಅಷ್ಟರೊಳಗೆ ಎರಡು ಚಕ್ರದ ಮೇಲೆ ಕಾಲು ಊರದೆ ನಿಲ್ಲಲು ಬಂದರೆ ಟ್ರಯಲ್ ಗಾಡಿಯ ಮಾತು ನಾನೇ ಭಾವನ ಹತ್ತಿರ ತೆಗೆಯುತ್ತೇನೆ. ಬಾರದಿದ್ದರೂ ಬೇಜಾರಿಲ್ಲ, ನಿಂಗೆ ಏನು ಇಷ್ಟ ಅಂತ ನಿಂಗೇ ಗೊತ್ತಾಗಿರುತ್ತದೆ.

ಸೆಮಿಸ್ಟರ್ ರಜೆಗೆ ಬರುವಾಗ ಭಾವನ ಮನೆಯಲ್ಲಿ ಅಟ್ಟದ ಮೇಲಿರುವ ನಿನ್ನ ಹಳೇ ಸೈಕಲ್ಲು ಬಸ್ಸಿನಲ್ಲಿ ಹಾಕಿಸಿಕೊಂಡು ಬಾ. ಲಗೇಜ್ ಚಾರ್ಜು ಎಷ್ಟಾದರೂ ಆಗಲಿ. ಪೆಡಲ್ ಬಿಚ್ಚಿ ಬೇರೆ ಚೀಲದಲ್ಲಿ ಇಡು, ಎಡಗಡೆಯದ್ದು ಉಲ್ಟಾ ತಿರುಗಿಸಬೇಕು, ಗೊತ್ತಿದೆಯಲ್ಲ? ಬೆಲ್ಲು, ಕ್ಯಾರಿಯರು, ಸ್ಟ್ಯಾಂಡು ಇಲ್ಲಿ ತೆಗೆದರಾಯಿತು. ಬ್ರೇಕ್ ಕೇಬಲ್ ಹೊಸದು ನಾನು ತಂದಿಟ್ಟಿರುತ್ತೇನೆ. ಅತ್ತೆ ನಿನಗೆ ಕಜ್ಜಾಯ ಮಾಡಬೇಕೋ ಚಕ್ಕುಲಿ ಮಾಡಬೇಕೋ ಅಂತ ಕೇಳುತ್ತಿದ್ದಾಳೆ, ಅದಕ್ಕೂ ಉತ್ತರ ಬರೆ.

ಇತಿ ನಿನ್ನ
ಮಾವ